ಆಸ್ತಮಾ ಇರುವಾಗ ಕೊರೊನಾ: ನಾನು ಪಾಲಿಸುವ ಕ್ರಮ

ಆಸ್ತಮಾ ಇದ್ದವರಿಗೆ ಕೊರೊನಾ ತಗುಲಿದರೆ ಉಳಿಗಾಲವಿಲ್ಲ ಎಂಬ ಹೆದರಿಕೆ 2020ರ ಆರಂಭದಲ್ಲಿ ಎಲ್ಲೆಡೆ ಇತ್ತು. ಲೆಕ್ಕ ಹಾಗೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು 1.7 ಕೋಟಿ ಜನರ ವೈದ್ಯಕೀಯ ದಾಖಲೆ ಜಾಲಾಡಿದ ಓಪನ್‌ಸೇಫ್ಲಿ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ಸ್ಟಿರಾಯ್ಡ್ ಮಾತ್ರೆ ಬೇಕಾಗದ ಆಸ್ತಮಾದವರ ಸಾವಿನ ಅಪಾಯ ಉಳಿದವರಷ್ಟೇ ಇತ್ತು. ಮಾತ್ರೆ ನುಂಗಬೇಕಾಗಿ ಬಂದವರಲ್ಲಿ ಅದು ಸುಮಾರು ಶೇ. 13 ಹೆಚ್ಚು. ವಯಸ್ಸು, ಬೊಜ್ಜು, ಹತೋಟಿ ತಪ್ಪಿದ ಮಧುಮೇಹ ಇವು ಅದಕ್ಕಿಂತ ದೊಡ್ಡ ಅಪಾಯಗಳು.

ಹಾಗಾಗಿ 'ನನಗೆ ಆಸ್ತಮಾ ಇದೆ' ಎನ್ನುವುದನ್ನು ನಾನು ಅಪಾಯದ ಅಳತೆಯಾಗಿ ಇಟ್ಟುಕೊಂಡಿಲ್ಲ. ನನ್ನ ಆಸ್ತಮಾ ಈಗ ಹತೋಟಿಯಲ್ಲಿದೆಯೇ ಎಂಬುದೇ ಅಳತೆ. ಕಳೆದ ನಾಲ್ಕು ವಾರ ಹಿಡಿದು ಕೇಳಿಕೊಳ್ಳುತ್ತೇನೆ: ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಉಬ್ಬಸ ಬಂತೇ, ರಾತ್ರಿ ಎಚ್ಚರವಾಯಿತೇ, ರಿಲೀವರ್ (ಉಬ್ಬಸ ಬಂದಾಗ ತಕ್ಷಣ ಸಡಿಲಿಸಲು ಎಳೆಯುವ ಇನ್‌ಹೇಲರ್) ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ, ಕೆಲಸಕ್ಕೆ ಅಡ್ಡಿಯಾಯಿತೇ. ಒಂದಕ್ಕೆ 'ಹೌದು' ಎಂದರೂ ವೈದ್ಯರ ಬಳಿ ಹೋಗುವ ಸಮಯ ಅದು, ಸೋಂಕು ಬಂದ ಮೇಲಲ್ಲ.

ಈ ಹತೋಟಿ ಬರುವುದು ದಿನವೂ ತೆಗೆದುಕೊಳ್ಳುವ ಸ್ಟಿರಾಯ್ಡ್ ಇನ್‌ಹೇಲರ್‌ನಿಂದ. 'ಸ್ಟಿರಾಯ್ಡ್ ರೋಗನಿರೋಧಕ ಶಕ್ತಿ ಕುಂದಿಸುತ್ತದೆ, ಕೊರೊನಾ ಕಾಲದಲ್ಲಿ ಬಿಟ್ಟುಬಿಡಿ' ಎಂಬ ಸಲಹೆ ಕೇಳಿ ಇದನ್ನು ನಿಲ್ಲಿಸಿದವರು ಬಹಳ. ಪ್ರಮಾಣ ನೋಡಿ: ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಪಫ್ ಎಲ್ಲಿ, ದಮ್ಮು ಜೋರಾದಾಗ ಕೊಡುವ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆ ಎಲ್ಲಿ! ತೂಕದಲ್ಲೇ ನೂರು ಪಟ್ಟು ವ್ಯತ್ಯಾಸ, ಅದೂ ಮಾತ್ರೆ ಇಡೀ ಮೈಗೆ ಹೋಗುತ್ತದೆ. ಪಫ್ ನಿಲ್ಲಿಸಿದರೆ ಶ್ವಾಸನಾಳದ ಉರಿಯೂತ ಕೆಲ ದಿನ, ಕೆಲ ವಾರಗಳಲ್ಲಿ ಮರಳುತ್ತದೆ. ಆ ಸ್ಥಿತಿಯಲ್ಲಿ ಯಾವುದೇ ವೈರಸ್ ಬಂದರೂ ಮಾತ್ರೆಯ ಕೋರ್ಸೇ ಗತಿಯಾಗಬಹುದು. ಯಾವುದಕ್ಕೆ ಹೆದರಿ ಬಿಟ್ಟರೋ ಅದೇ ಇನ್ನೂ ದೊಡ್ಡದಾಗಿ ಬರುತ್ತದೆ.

ಇನ್‌ಹೇಲರ್ ಇದ್ದರೂ ಔಷಧ ಒಳಗೆ ಹೋಗದಿರುವುದೇ ಹೆಚ್ಚು. ಒತ್ತುವ ಇನ್‌ಹೇಲರ್ ಆದರೆ ನಾನು ಸ್ಪೇಸರ್ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಬಿಡುವುದಿಲ್ಲ. ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಹಿಡಿದು, ಒಂದೇ ಸಲ ಒತ್ತಿ, ನಾಲ್ಕೈದು ಸೆಕೆಂಡು ನಿಧಾನವಾಗಿ ಎಳೆದು, ಹತ್ತು ಸೆಕೆಂಡು ಹಿಡಿಯಬೇಕು. ಹಿಡಿಯಲಾಗದಷ್ಟು ದಮ್ಮಿದ್ದರೆ ಸ್ಪೇಸರ್‌ನಲ್ಲೇ ನಾಲ್ಕರಿಂದ ಆರು ಸಹಜ ಉಸಿರು ಸಾಕು. ಮುಂದಿನ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಡಿಕ್ಕಿಯಾಗಿ ಸ್ಪೇಸರ್ ಗೋಡೆಗೇ ಅಂಟುತ್ತವೆ. ಪುಡಿಯ ಇನ್‌ಹೇಲರ್‌ಗೆ ತದ್ವಿರುದ್ಧ: ಶುರುವಿನಿಂದಲೇ ಜೋರಾಗಿ, ಬಿರುಸಾಗಿ ಎಳೆಯಬೇಕು. ಎರಡೂ ಬಳಸುವವರು ಗೊಂದಲಕ್ಕೆ ಬೀಳುವುದು ಇಲ್ಲೇ. ಸ್ಟಿರಾಯ್ಡ್ ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ಬಾಯಲ್ಲಿ ಬಿಳಿ ಅಗ್ರ (ಶಿಲೀಂಧ್ರದ ಸೋಂಕು) ಬರಬಹುದು, ದನಿ ಕಟ್ಟಬಹುದು.

ಸ್ಪೇಸರ್ ಅನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡುತ್ತೇನೆ. ಬಟ್ಟೆಯಲ್ಲಿ ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಿರ ವಿದ್ಯುತ್ ಹತ್ತಿ ಔಷಧ ಅದಕ್ಕೇ ಮೆತ್ತುತ್ತದೆ. ಇನ್‌ಹೇಲರ್‌ನ ಔಷಧದ ಡಬ್ಬಿಯನ್ನು (ಕ್ಯಾನಿಸ್ಟರ್) ನೀರಲ್ಲಿ ತೇಲಿಸಿ ಔಷಧ ಎಷ್ಟಿದೆ ಎಂದು ನೋಡುವ ಪದ್ಧತಿ ನಂಬಲರ್ಹವಲ್ಲ. ಕೌಂಟರ್ ಇಲ್ಲದಿದ್ದರೆ ಶುರು ಮಾಡಿದ ತಾರೀಖು ಬರೆದು ಪಫ್ ಲೆಕ್ಕ ಹಾಕುವುದೊಂದೇ ದಾರಿ.

ಇನ್ನು ಜ್ವರ ಬಂದು ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂದಾಗ. ಪಫ್ ಯಾವುದೂ ನಿಲ್ಲುವುದಿಲ್ಲ. ಬೆಳಿಗ್ಗೆ ಸಂಜೆ ಎರಡು ಸಂಖ್ಯೆ ಬರೆಯುತ್ತೇನೆ, ಪೀಕ್ ಫ್ಲೋ (ಪುಟ್ಟ ಮೀಟರ್‌ಗೆ ಜೋರಾಗಿ ಊದಿದಾಗ ಉಸಿರು ಹೊರಬೀಳುವ ವೇಗ) ಮತ್ತು ಆಕ್ಸಿಜನ್ (ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸುವ ಶೇಕಡಾ ಮಟ್ಟ). ಇವೆರಡನ್ನೂ ಜೊತೆಯಲ್ಲಿಟ್ಟು ಓದಬೇಕು, ಅದೇ ಮುಖ್ಯ. ಪೀಕ್ ಫ್ಲೋ ಬಿದ್ದು, ಸುಂಯ್ ಶಬ್ದ ಇದ್ದು, ಆಕ್ಸಿಜನ್ 96–97 ನಿಂತಿದ್ದರೆ ಅದು ಬಹುತೇಕ ಆಸ್ತಮಾ; ರಿಲೀವರ್‌ಗೆ ಸಡಿಲಾಗುತ್ತದೆ. ಪೀಕ್ ಫ್ಲೋ ಅಷ್ಟೇನೂ ಕುಸಿಯದೆ ಆಕ್ಸಿಜನ್ ಇಳಿಯುತ್ತಾ ಬಂದರೆ ತೊಂದರೆ ಶ್ವಾಸಕೋಶದೊಳಗೆ, ನ್ಯುಮೋನಿಯಾ ಕಡೆಗೆ. ಅದಕ್ಕೆ ಎಷ್ಟು ಪಫ್ ಹೊಡೆದರೂ ಪ್ರಯೋಜನವಿಲ್ಲ. ಇದು ಹೆಚ್ಚಾಗಿ ಲಕ್ಷಣ ಶುರುವಾದ ಐದರಿಂದ ಹತ್ತನೇ ದಿನದ ನಡುವೆ, ಜ್ವರ ಇಳಿದಂತೆ ಕಂಡ ಮೇಲೂ ಬರಬಹುದು.

ಪೀಕ್ ಫ್ಲೋ ನಿಂತುಕೊಂಡೇ ಊದಿ, ಮೂರರಲ್ಲಿ ಹೆಚ್ಚಿನದನ್ನು ಬರೆಯಬೇಕು. ಹೋಲಿಕೆ ನಿಮ್ಮದೇ ಆರೋಗ್ಯದ ದಿನಗಳ ಗರಿಷ್ಠದ ಜೊತೆ. ಅದು 400 ಇದ್ದರೆ 320ರ ಮೇಲೆ ನಿರಾಳ, 200ರ ಕೆಳಗೆ ತುರ್ತು. ಉಗುಳುವಂತೆ ನಾಲಿಗೆ ತಟ್ಟಿ ಊದಿದರೆ ಸಂಖ್ಯೆ ಸುಳ್ಳೇ ಹೆಚ್ಚು ಬರುತ್ತದೆ, ಕೆಮ್ಮು ಅಡ್ಡ ಬಂದರೂ ಆ ಸಂಖ್ಯೆ ನಂಬುವಂತಿಲ್ಲ. ಆಕ್ಸಿಮೀಟರ್‌ಗೆ ಐದು ನಿಮಿಷ ಕೂತು, ಕೈ ಬೆಚ್ಚಗಿಟ್ಟು, ನೇಲ್ ಪಾಲಿಶ್ ತೆಗೆದು, ಸಂಖ್ಯೆ ಒಂದೆಡೆ ನಿಲ್ಲುವವರೆಗೆ ಕಾಯಬೇಕು. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಆದ್ದರಿಂದ ಒಂದು ಸಂಖ್ಯೆಗಿಂತ ಇಳಿಕೆಯ ಜಾಡು ನೋಡುತ್ತೇನೆ. 94ಕ್ಕಿಂತ ಕಡಿಮೆಯಾದರೆ ವೈದ್ಯರಿಗೆ ಫೋನು, 92 ಅಥವಾ ಕೆಳಗಾದರೆ ನೇರ ಆಸ್ಪತ್ರೆ. ಕೂತಾಗ ಸರಿಯಿದ್ದು, ನಲವತ್ತು ಹೆಜ್ಜೆ ನಡೆದಾಗ ಮೂರು ಅಂಕ ಇಳಿದರೂ ಕಡೆಗಣಿಸುವಂತಿಲ್ಲ.

ದಮ್ಮು ಏರಿದರೆ ರಿಲೀವರ್, ಅಂದರೆ ಸಾಲ್ಬುಟಮಾಲ್ 100 ಮೈಕ್ರೋಗ್ರಾಂನದು, ಸ್ಪೇಸರ್‌ನಲ್ಲಿ ಒಂದೊಂದಾಗಿ ನಾಲ್ಕು ಪಫ್. 20 ನಿಮಿಷದಲ್ಲಿ ಸಡಿಲಾಗದಿದ್ದರೆ ಮತ್ತೆ ತೆಗೆದುಕೊಳ್ಳುತ್ತಲೇ ಆಸ್ಪತ್ರೆಗೆ ಹೊರಡುವುದು. ಸಡಿಲಾಗಿ ಮೂರು ಗಂಟೆಯೊಳಗೆ ಮತ್ತೆ ಬೇಕೆನಿಸಿದರೆ ಅಂದೇ ವೈದ್ಯರನ್ನು ಕಾಣಬೇಕು. ಮಾತು ಒಂದೊಂದು ಪದಕ್ಕೆ ತುಂಡಾದರೆ, ತುಟಿ ನೀಲಿಯಾದರೆ ಯಾವ ಸಂಖ್ಯೆಗೂ ಕಾಯಬೇಡಿ. ಮನೆಯಲ್ಲಿ ಬೇರೆಯವರಿದ್ದರೆ ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಾಡಿಸುವ ಯಂತ್ರ) ಬೇಡ, ವೈರಸ್ ಗಾಳಿಗೆ ಹರಡಬಹುದು. ಸ್ಪೇಸರ್ ಅದರಷ್ಟೇ ಕೆಲಸ ಮಾಡುತ್ತದೆ.

ಔಷಧ ಬೆರೆಸುವಲ್ಲಿ ಎರಡು ಎಚ್ಚರ. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳುತ್ತೇನೆ; ಆಸ್ಪಿರಿನ್, ಐಬುಪ್ರೊಫೆನ್ ಕೆಲವು ಆಸ್ತಮಾದವರಲ್ಲಿ ಉಬ್ಬಸ ಕೆರಳಿಸುತ್ತವೆ. ಕೊರೊನಾ ವೈರಸ್ ತಡೆಯುವ ಐದು ದಿನದ ಮಾತ್ರೆ ಪ್ಯಾಕ್ಸ್‌ಲೋವಿಡ್ ಬರೆದುಕೊಟ್ಟರೆ ನಿಮ್ಮ ಇನ್‌ಹೇಲರ್‌ಗಳ ಹೆಸರು ಹೇಳಲೇಬೇಕು. ಅದರಲ್ಲಿರುವ ರಿಟೋನವಿರ್ ಯಕೃತ್ತಿನ ಕಿಣ್ವವನ್ನು ತಡೆದು ಇನ್‌ಹೇಲರ್‌ನ ಸ್ಟಿರಾಯ್ಡ್‌ಗಳಾದ ಫ್ಲುಟಿಕಾಸೋನ್, ಬುಡೆಸೊನೈಡ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಕೆಲವು ಇನ್‌ಹೇಲರ್‌ಗಳಲ್ಲಿರುವ ಸಾಲ್ಮೆಟೆರಾಲ್ ಜೊತೆಯಂತೂ ಹೃದಯ ಬಡಿತದ ತೊಂದರೆಗೆ ದಾರಿ. ಆ ಐದು ದಿನಕ್ಕೆ ಏನು ಬದಲಿಸಬೇಕು ಎಂದು ವೈದ್ಯರೇ ಹೇಳಬೇಕು, ನೀವಾಗಿ ಪಫ್ ಬಿಡಬೇಡಿ.

ಸ್ಟಿರಾಯ್ಡ್ ಮಾತ್ರೆಯ ಗೊಂದಲವೂ ಇದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ ರಿಕವರಿ ಪ್ರಯೋಗದಲ್ಲಿ (ಜೂನ್ 2020) ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಸಾವು ತಗ್ಗಿಸಿದ್ದು ಆಕ್ಸಿಜನ್ ಬೇಕಾದವರಲ್ಲಿ ಮಾತ್ರ. ಮನೆಯಲ್ಲಿ ಬರೀ ಜ್ವರ ಇರುವಾಗ ಮುಂಜಾಗ್ರತೆಗೆಂದು ನುಂಗುವುದು ತಪ್ಪು. ಆದರೆ ಕೊರೊನಾ ಜೊತೆಗೇ ಆಸ್ತಮಾ ಜೋರಾದರೆ ವೈದ್ಯರು ಬರೆದ ಐದರಿಂದ ಏಳು ದಿನದ ಪ್ರೆಡ್ನಿಸೊಲೋನ್ ತೆಗೆದುಕೊಳ್ಳಲು ಹಿಂಜರಿಯಬಾರದು. ಆಸ್ಪತ್ರೆಗೆ ಹೋಗಬೇಕಾದರೆ ಎರಡು ಸಂಖ್ಯೆಗಳ ಚೀಟಿ, ಸ್ಪೇಸರ್, ಎರಡೂ ಇನ್‌ಹೇಲರ್ ಒಂದೇ ಚೀಲದಲ್ಲಿ ಸಿದ್ಧ. ಗುಣವಾದ ಮೇಲೂ ಪೀಕ್ ಫ್ಲೋ ಹಳೆಯ ಗರಿಷ್ಠಕ್ಕೆ ಬರುವವರೆಗೆ ಬರೆಯುವುದನ್ನು ನಾನು ನಿಲ್ಲಿಸುವುದಿಲ್ಲ. ಕೆಮ್ಮು ವಾರಗಟ್ಟಲೆ ಉಳಿದರೂ ಆ ಸಂಖ್ಯೆ ಸರಿಯಿದ್ದರೆ ರಿಲೀವರ್ ಹೆಚ್ಚಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.