ಚಿಂಚೋಳಿ ಕಾಡಿನಲ್ಲಿ ಕೊಂಡುಕುರಿ ನೋಡಲು ಹೊರಡುವ ಮುನ್ನ

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮದಲ್ಲಿ ಕೊಂಡುಕುರಿಯನ್ನು (ಜಿಂಕೆಯಂತೆ ಕಾಣುವ ಒಂದು ಸಣ್ಣ ಹುಲ್ಲೆ) ಕಾಣಬಯಸುವವರು ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇದರ ಬೇಟೆ ಅಪರಾಧ. ಈ ಪ್ರಾಣಿ ನೀರು ಬಿಟ್ಟು ಬಹುದೂರ ಹೋಗುವುದಿಲ್ಲವಾದ್ದರಿಂದ, ಸಣ್ಣ ಹಳ್ಳಗಳು ಬತ್ತಿ, ಎಲೆಯುದುರಿದ ಮರಗಳ ನಡುವೆ ದೂರದವರೆಗೂ ಕಾಣಿಸುವ ಫೆಬ್ರುವರಿ, ಮಾರ್ಚ್ ತಿಂಗಳುಗಳೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಏಪ್ರಿಲ್ ನಂತರದ ನಮ್ಮ ಬಿಸಿಲಿನಲ್ಲಿ ಕಾಡು ಸುತ್ತುವುದು ಸಲ್ಲದು.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವುದು ಇದರ ರೂಢಿ. ಒಣಗಿ ಬಿಳಿಚಿದ ಹಳೆಯ ಹಿಕ್ಕೆಯ ಮೇಲೆ ಹಸಿಯಾದ ಕಪ್ಪು ಹಿಕ್ಕೆ ಕಂಡರೆ, ಗಾಳಿಗೆ ಎದುರಾಗಿ, ಸಾಕಷ್ಟು ದೂರದಲ್ಲಿ, ಬೆಳಗಿನ ಹೊತ್ತು ಸದ್ದಿಲ್ಲದೆ ಕುಳಿತು ಕಾಯಿರಿ. ಗಂಡಿಗೆ ಮಾತ್ರ ನಾಲ್ಕು ಕೊಂಬುಗಳಿದ್ದು, ಮುಂದಿನ ಜೋಡಿ ತೀರ ಗಿಡ್ಡವಾಗಿರುವುದರಿಂದ ಬೈನಾಕ್ಯುಲರ್ ಅಗತ್ಯ. ಬೆದರಿ ಹುಲ್ಲಿನಲ್ಲಿ ಅಲುಗಾಡದೆ ನಿಂತ ಪ್ರಾಣಿಯ ಹತ್ತಿರ ದಯವಿಟ್ಟು ಹೋಗಬೇಡಿ.