ಯಲ್ಲಮ್ಮನ ಗುಡ್ಡಕ್ಕೆ ಟ್ರೇಲರ್ ಟೆಂಟ್: ಒಂದೇ ತಾಡಪತ್ರಿಯಲ್ಲಿ ಇಡೀ ಮನೆ

ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ಈ ಮೂರರಲ್ಲಿ ಯಾವುದಕ್ಕೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟರೂ ಖೋಲಿ ಸಿಗುತ್ತದೆಂದು ನೆಚ್ಚಿಕೊಳ್ಳಬಾರದು. ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದವರು ಬಯಲಲ್ಲೇ ಇಳಿಯುತ್ತಾರೆ, ಅಲ್ಲೇ ಒಲೆ ಹೂಡುತ್ತಾರೆ, ಅಲ್ಲೇ ಮಲಗುತ್ತಾರೆ. ಮನೆಯಲ್ಲಿ ಟ್ರೇಲರ್ ಇದ್ದರೆ ಅದನ್ನೇ ಟೆಂಟ್ ಮಾಡಿಕೊಳ್ಳಬಹುದು. ಹೆಂಗಸರು ಮಕ್ಕಳನ್ನು ಕರಕೊಂಡು ಮೊದಲ ಸಲ ಎರಡು ರಾತ್ರಿ ಇರುವವರ ಸಲುವಾಗಿ ನಾನು ಕಟ್ಟುವ ಕ್ರಮವನ್ನು ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಟ್ರೇಲರ್‌ನಲ್ಲಿ ಸಾಮಾನು ಮಾತ್ರ ಬರಬೇಕು, ಮಂದಿ ಬರಬಾರದು. ಟ್ರೇಲರ್‌ನಲ್ಲಿ ಜನ ಹೇರುವುದು ಕಾನೂನಿಗೂ ವಿರುದ್ಧ, ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ಜಾತ್ರೆಗೆ ವಾಯವ್ಯ ಸಾರಿಗೆಯವರು ಹೆಚ್ಚಿಗೆ ಬಸ್ ಬಿಡುತ್ತಾರೆ, ಮನೆಯವರು ಅದರಲ್ಲಿ ಬರಲಿ. ಟ್ರ್ಯಾಕ್ಟರ್ ಹಗಲಿನಲ್ಲೇ ಹೋಗಿ ಹಗಲಿನಲ್ಲೇ ಮುಟ್ಟಬೇಕು. ಹಿಂದಿನ ದೀಪ ಉರಿಯುತ್ತವೆಯೇ ನೋಡಿ, ಹಿಂದಿನ ಬಾಗಿಲಿಗೆ ಅಡ್ಡಕ್ಕೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿ.

ಈಗ ಅಳತೆ. ನಾನು ಲೆಕ್ಕ ಹಿಡಿದದ್ದು 10 ಅಡಿ ಉದ್ದ, 6 ಅಡಿ ಅಗಲದ ಟ್ರೇಲರ್‌ಗೆ. ಪಕ್ಕದ ತಗಡು 2 ಅಡಿ ಎತ್ತರ, ಹಾಸು ತಗಡು ನೆಲದಿಂದ 3 ಅಡಿ ಮೇಲೆ. ನಿಮ್ಮದು ಬೇರೆ ಇದ್ದರೆ ಟೇಪ್ ಹಿಡಿದು ಅಳೆದುಕೊಳ್ಳಿ, ಅಂದಾಜಿನ ಮೇಲೆ ಪೈಪು ಕತ್ತರಿಸಬೇಡಿ. ತಾಡಪತ್ರಿ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಕೊಡುವ 8 ಮೀಟರ್‌ಗೆ 6 ಮೀಟರ್‌ನದೇ ಸಾಕು. ಹೊಸದು ಕೊಳ್ಳುವ ಅಗತ್ಯವಿಲ್ಲ. ರಾಶಿ ಮುಚ್ಚಲು ತಂದದ್ದು ಬಹಳ ಮನೆಗಳಲ್ಲಿ ಇದ್ದೇ ಇರುತ್ತದೆ.

8 ಮೀಟರ್ ಅಂದರೆ 26 ಅಡಿಗಿಂತ ತುಸು ಹೆಚ್ಚು. ಇದನ್ನು ಟ್ರೇಲರ್‌ನ ಅಡ್ಡಕ್ಕೆ ಹಾಕಬೇಕು. ಗಾಳಿಗೆ ಎದುರಾದ ಪಕ್ಕದಲ್ಲಿ 4 ಅಡಿ ಕೆಳಗೆ ಇಳಿದು ತಗಡನ್ನು ಒಂದು ಅಡಿ ಮುಚ್ಚುತ್ತದೆ. ಮಾಳಿಗೆಯ ಎರಡು ಇಳಿಜಾರಿಗೆ 6 ಅಡಿ 8 ಇಂಚು ಹೋಗುತ್ತದೆ. ಉಳಿದ 15 ಅಡಿ ಚಿಲ್ಲರೆಯಲ್ಲಿ 10 ಅಡಿಯ ಪಡಸಾಲಿ ಚಾಚಿಕೊಂಡು, ಕೊನೆಯ 5 ಅಡಿ ಗೋಡೆಯಾಗಿ ನೆಲ ಮುಟ್ಟುತ್ತದೆ. 6 ಮೀಟರ್ ಬದಿ ಟ್ರೇಲರ್‌ನ ಉದ್ದಕ್ಕೆ ಬರುತ್ತದೆ. ಟ್ರೇಲರ್ 10 ಅಡಿ, ತಾಡಪತ್ರಿ ಹತ್ತಿರ ಹತ್ತಿರ 20 ಅಡಿ. ಹಿಂದೆ ಮುಂದೆ ಐದೈದು ಅಡಿ ಜೋತು ಬಿದ್ದು ಪರದೆಯಾಗುತ್ತದೆ. ಹರಿಯುವುದೂ ಬೇಡ, ಹೊಲಿಯುವುದೂ ಬೇಡ. ಜಾತ್ರೆ ಮುಗಿದ ಮೇಲೆ ಅದೇ ತಾಡಪತ್ರಿ ಕಣಕ್ಕೆ ವಾಪಸ್.

ಪೈಪು ಜಿಐ ಇರಲಿ. ಬಿದಿರು ಸೋವಿ ನಿಜ, ಆದರೆ ಹಗ್ಗ ಬಿಗಿದ ಕಡೆ ಸೀಳುತ್ತದೆ, ಸೀಳಿನ ಚೂಪು ತಾಡಪತ್ರಿಯನ್ನು ಕೊರೆಯುತ್ತದೆ. ಒಂದು ಇಂಚಿನ 20 ಅಡಿ ಪೈಪು ನಾಲ್ಕು, ಮುಕ್ಕಾಲು ಇಂಚಿನವು ಎರಡು ಬೇಕು. ಒಂದಿಂಚಿನ ಪೈಪಿನಲ್ಲಿ 5 ಅಡಿಯ ಕಂಬ ಒಂಬತ್ತು: ಆರು ಟ್ರೇಲರ್‌ಗೆ, ಮೂರು ಪಡಸಾಲಿಗೆ. ಉಳಿದದ್ದರಲ್ಲಿ ಮಾಳಿಗೆ ಹೊರುವ ಎರಡು ಕಾಲಿನ ಕತ್ತರಿ ಮೂರು, ಒಂದೊಂದು ಕಾಲು 3 ಅಡಿ 4 ಇಂಚು, ನಡು ತುದಿ ಕಂಬದ ಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ. ಕತ್ತರಿಯ ಎರಡೂ ತುದಿಗೆ ಕಂಬದ ಮೇಲೆ ಕೂರುವಂತೆ ನಾಲ್ಕಿಂಚು ಉದ್ದದ ದಪ್ಪ ಕೊಳವಿ ಬೆಸೆಸಬೇಕು. ಮುಕ್ಕಾಲು ಇಂಚಿನ ಎರಡನ್ನೂ ನಡುವೆ ಕತ್ತರಿಸಿದರೆ ನಾಲ್ಕು ಅಡ್ಡಪೈಪು: ನೆತ್ತಿಗೆ ಒಂದು, ಎರಡೂ ಅಂಚಿಗೆ ಒಂದೊಂದು, ಪಡಸಾಲಿಯ ಹೊರತುದಿಗೆ ಒಂದು. ಹುಲ್ಲು ಹೇರಲು ಗಳ ನಿಲ್ಲಿಸುವ ಕೊಳವಿ ಬಹಳ ಟ್ರೇಲರ್‌ಗಳಿಗೆ ಮೊದಲೇ ಇರುತ್ತವೆ. ಇಲ್ಲದಿದ್ದರೆ ಒಂದೂವರೆ ಇಂಚಿನ ಪೈಪಿನ ಅರ್ಧ ಅಡಿ ತುಂಡುಗಳನ್ನು ಪಕ್ಕದ ತಗಡಿನ ಹೊರಗೆ, ಹಾಸಿನ ಮಟ್ಟದಲ್ಲಿ, ಬುಡ ಮುಚ್ಚಿ ಬೆಸೆಸಿ. ಬುಡ ತೆರೆದಿದ್ದರೆ ಕಂಬ ಜಾರಿ ನೆಲಕ್ಕಿಳಿಯುತ್ತದೆ. ಆರೂ ಕಂಬಕ್ಕೆ, ಆರೂ ಕೊಳವಿಗೆ ಬಣ್ಣದ ಗುರುತು ಹಾಕಿ. ಬೆಸುಗೆ ತುಸು ಓರೆ ಇದ್ದೇ ಇರುತ್ತದೆ, ಒಂದರ ಕಂಬ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಎಲ್ಲ ಸೇರಿಸಿ ಒಮ್ಮೆ ಮನೆಯ ಅಂಗಳದಲ್ಲೇ ಕಟ್ಟಿ ಬಿಚ್ಚಿ ನೋಡಿದ ಮೇಲೆ ಗುಡ್ಡದ ಮಾತು.

ಗುಡ್ಡದಲ್ಲಿ ಕೆಲಸ ಶುರುವಾಗುವುದು ಪೈಪಿನಿಂದಲ್ಲ, ಗಾಳಿಯಿಂದ. ಈ ದಿನಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಮೂಡಗಾಳಿ. ರೇಣುಕಾಸಾಗರದ ದಂಡೆಗಿರಲಿ, ಗುಡ್ಡದ ನೆತ್ತಿಗಿರಲಿ, ಬೆಳಗಿನ ಜಾವ ಅದು ಜೋರಾಗುತ್ತದೆ. ಟ್ರೇಲರ್ ತೆಂಕು ಬಡಗು ನಿಲ್ಲಿಸಿ, ಮುಚ್ಚಿದ ಪಕ್ಕ ಮೂಡಣಕ್ಕೆ, ಪಡಸಾಲಿ ಪಡುವಣಕ್ಕೆ ಬರಲಿ. ಬಾಗಿಲು ತೆಂಕಣ ತುದಿಗೆ. ಟ್ರ್ಯಾಕ್ಟರ್ ಬಿಚ್ಚುವ ಮೊದಲು ಒಂದು ಹಿಡಿ ಒಣ ಮಣ್ಣು ತೂರಿ ಗಾಳಿಯ ದಿಕ್ಕು ನೋಡಿ. ದಿಕ್ಕು ಬೇರೆ ಇದ್ದರೆ ಟ್ರೇಲರ್ ತಿರುಗಿಸುವುದು ಐದು ನಿಮಿಷದ ಕೆಲಸ. ಟೆಂಟ್ ಕಟ್ಟಿದ ಮೇಲೆ ತಿರುಗಿಸಲು ಬರುವುದಿಲ್ಲ. ಹಿಂದೆ ಮುಂದೆ ಬೇರೆ ಟ್ರ್ಯಾಕ್ಟರ್ ಹೊರಳಲು ದಾರಿ ಇದೆಯೇ ಎಂಬುದನ್ನೂ ಈಗಲೇ ನೋಡಬೇಕು. ಹುಣ್ಣಿಮೆಯ ರಾತ್ರಿ ಜಾಗ ಕಿಕ್ಕಿರಿದ ಮೇಲೆ ನಿಮ್ಮ ಹಗ್ಗದ ಮೇಲೇ ಗಾಲಿ ಹಾಯುತ್ತದೆ.

ಎರಡು ಗಾಲಿಯ ಟ್ರೇಲರ್ ಆದರೆ ಇಲ್ಲಿ ಎಷ್ಟು ಹೊತ್ತು ಹಿಡಿದರೂ ಸರಿ. ಅದರ ಮುಂಭಾರವನ್ನು ಟ್ರ್ಯಾಕ್ಟರ್‌ನ ಕೊಂಡಿ ಹೊತ್ತಿರುತ್ತದೆ. ಕೊಂಡಿ ಬಿಚ್ಚಿ ಮುಂದೆ ಬರೀ ಸ್ಟ್ಯಾಂಡ್ ಕೊಟ್ಟು ಬಿಟ್ಟರೆ ಟ್ರೇಲರ್ ನಿಂತಂತೆ ಕಾಣುತ್ತದೆ. ಆದರೆ ಹಿಂದಿನ ಬಾಗಿಲಿನಿಂದ ಮೂರು ನಾಲ್ಕು ಮಂದಿ ಒಟ್ಟಿಗೆ ಹತ್ತಿದರೆ ಭಾರ ಅಚ್ಚಿನ ಹಿಂದೆ ಬಿದ್ದು ಮೂತಿ ಏತದ ಹಾಗೆ ಮೇಲೇಳುತ್ತದೆ. ಒಳಗೆ ಕೂತವರು, ಟ್ರಂಕು, ಪಾತ್ರೆ ಎಲ್ಲ ಹಿಂದಕ್ಕೆ ಜಾರುತ್ತವೆ. ಆದ್ದರಿಂದ ಟ್ರ್ಯಾಕ್ಟರ್ ಕಟ್ಟಿರುವಾಗಲೇ ನಾಲ್ಕು ಕಡೆ ಗಾಲಿಗೆ ಕಲ್ಲು ಕೊಡಿ, ಹಿಂದಿನ ಎರಡೂ ಮೂಲೆಯ ಚಾಸಿ ಕೆಳಗೆ 4 ಇಂಚು ಚೌಕದ ಕಟ್ಟಿಗೆ ತುಂಡು ಬಿಗಿಯಾಗಿ ನಿಲ್ಲಿಸಿ. ಬುಡಕ್ಕೆ ಒಂದಡಿ ಅಗಲದ ಹಾಸುಗಲ್ಲು ಬೇಕೇ ಬೇಕು. ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿಯಲ್ಲಿ ಬರೀ ಕಟ್ಟಿಗೆ ರಾತ್ರಿಯಿಡೀ ಇಂಚಿಂಚೇ ಇಳಿಯುತ್ತದೆ, ಬೆಳಿಗ್ಗೆ ಟ್ರೇಲರ್ ಓರೆಯಾಗಿರುತ್ತದೆ. ಆಮೇಲೆ ಮುಂದಿನ ಸ್ಟ್ಯಾಂಡ್ ಹಾಸುಗಲ್ಲಿನ ಮೇಲೆ ಇಳಿಸಿ, ಕಡೆಗೆ ಕೊಂಡಿ ಬಿಚ್ಚಿ. ಟ್ರ್ಯಾಕ್ಟರ್‌ಗೆ ಬೇರೆ ಕೆಲಸ ಇಲ್ಲದಿದ್ದರೆ ಬಿಚ್ಚದೇ ಬಿಡುವುದೇ ಚಲೋ: ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಾವಿ ಜೇಬಿಗೆ. ನಾಲ್ಕು ಗಾಲಿಯ ಟ್ರೇಲರ್‌ಗೆ ಈ ಪಜೀತಿ ಇಲ್ಲ. ಗಾಲಿಗೆ ಕಲ್ಲು ಕೊಟ್ಟರೆ ಮುಗಿಯಿತು.

ಕಂಬ, ಕತ್ತರಿ, ಅಡ್ಡಪೈಪು ಈ ಕ್ರಮದಲ್ಲಿ ಏರಿಸಿ. ಅಡ್ಡಪೈಪನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಹಗ್ಗಕ್ಕಿಂತ ಗಟ್ಟಿ, ಬಿಚ್ಚುವುದೂ ಸಲೀಸು. ತಾಡಪತ್ರಿಗೆ ತಾಗುವ ಪ್ರತಿ ಪೈಪಿನ ತುದಿಗೂ ಹಳೆ ಚಪ್ಪಲಿಯ ರಬ್ಬರ್ ಇಟ್ಟು ಟ್ಯೂಬ್ ಸುತ್ತಿ. ತಾಡಪತ್ರಿ ಹರಿಯುವುದು ಗಾಳಿಯ ಎಳೆತಕ್ಕಿಂತ ಹೆಚ್ಚಾಗಿ ಪೈಪಿನ ತುದಿಯ ತಿಕ್ಕಾಟಕ್ಕೆ.

ತಾಡಪತ್ರಿ ಏರಿಸುವ ಮೊದಲು ಕತ್ತರಿಗಳ ಕೆಳಗೆ ಎರಡು ಹಳೆ ಕಾಟನ್ ಸೀರೆ ಉದ್ದಕ್ಕೂ ಕಟ್ಟಿಬಿಡಿ, ತಾಡಪತ್ರಿಗೂ ಸೀರೆಗೂ ಗೇಣು ಅಂತರವಿರಲಿ. ಇದು ಅಲಂಕಾರಕ್ಕಲ್ಲ. ಪ್ಲಾಸ್ಟಿಕ್ ತಾಡಪತ್ರಿಯೊಳಗೆ ಗಾಳಿ ಆಡುವುದಿಲ್ಲ. ಐದಾರು ಮಂದಿ ಮಲಗಿದರೆ ಉಸಿರಿನ ಹಬೆ ತಣ್ಣಗಿನ ತಾಡಪತ್ರಿಗೆ ತಾಗಿ ನೀರಾಗಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ತಾಡಪತ್ರಿ ಸೋರುತ್ತಿದೆ ಎಂದು ಅಂಗಡಿಯವನನ್ನು ಬೈಯುವವರು ಬಹಳ. ಸೀರೆ ಆ ಹನಿಯನ್ನು ಹೀರುತ್ತದೆ. ಅದರ ಜೊತೆ ನೆತ್ತಿಯ ಎರಡೂ ತುದಿಯಲ್ಲಿ ಪರದೆಯ ಮೇಲ್ಭಾಗ ಗೇಣಷ್ಟು ತೆರೆದಿರಬೇಕು. ಥಂಡಿ ಎಂದು ಅದನ್ನೂ ಮುಚ್ಚಿದರೆ ಕೌದಿ ತೊಯ್ಯುವುದು ಗ್ಯಾರಂಟಿ.

ತಾಡಪತ್ರಿಯ ಮೂಡಣ ಅಂಚನ್ನು ಮೊದಲು ಪಕ್ಕದ ತಗಡಿಗೆ ಪೂರ್ತಿ ಕಟ್ಟಿ ಮುಗಿಸಿ, ಆಮೇಲೆ ನೆತ್ತಿ ಹಾಯಿಸಿ ಪಡುವಣಕ್ಕೆ ಎಳೆಯಿರಿ. ಉಲ್ಟಾ ಮಾಡಿದರೆ ಗಾಳಿ ಕೆಳಗೆ ಹೊಕ್ಕು ತಾಡಪತ್ರಿ ಉಬ್ಬುತ್ತದೆ, ನಾಲ್ಕು ಗಂಡಸರು ಹಿಡಿದರೂ ನಿಲ್ಲುವುದಿಲ್ಲ. ಅಂಚಿನ ಅಲ್ಯುಮಿನಿಯಂ ಕಣ್ಣುಗಳನ್ನು ನಂಬಬೇಡಿ, ಜೋರು ಗಾಳಿಗೆ ಕಿತ್ತು ಬರುತ್ತವೆ. ಹಗ್ಗ ಬೇಕಾದ ಕಡೆ ಒಳಗಿನಿಂದ ನಿಂಬೆಹಣ್ಣಿನ ಗಾತ್ರದ ನುಣುಪು ಹಳ್ಳು ಇಟ್ಟು, ತಾಡಪತ್ರಿಯನ್ನು ಅದರ ಸುತ್ತ ಹಿಡಿದು, ಕೊರಳಿಗೆ ಹಗ್ಗ ಬಿಗಿದರೆ ತಾಡಪತ್ರಿ ಹರಿಯುವುದಿಲ್ಲ. ಪಡಸಾಲಿಯ ಹೊರತುದಿಗೆ ಹೀಗೆ ಐದು ಹಳ್ಳು ಸಾಕು.

ಪಡಸಾಲಿಯ ಕಂಬ ಟ್ರೇಲರ್‌ನಿಂದ 10 ಅಡಿ ದೂರ. ಟ್ರೇಲರ್ ಕಡೆ ಅಂಚು ನೆಲದಿಂದ 8 ಅಡಿ, ಹೊರತುದಿ 5 ಅಡಿ, ನಡುವೆ 3 ಅಡಿ ಇಳಿಜಾರು. ಅಕಾಲಿಕ ಮಳೆ ಬಂದರೂ ನೀರು ನಿಲ್ಲಬಾರದು, ಅದಕ್ಕೇ ಇಷ್ಟು. ನಡುವೆ ತಾಡಪತ್ರಿ ಜೋತರೆ ಅಲ್ಲಿ ಎರಡು ಹಗ್ಗ ಅಡಿಯಿಂದ ಉದ್ದಕ್ಕೆ ಬಿಗಿಯಿರಿ. ಎಳೆಹಗ್ಗದ ಗೂಟ ಕಂಬದಿಂದ ಕಂಬದ ಎತ್ತರದಷ್ಟೇ ದೂರ, ಅಂದರೆ 5 ಅಡಿ. ಗೂಟ 12 ಎಂಎಂ ಸರಳಿನದು, ಒಂದೂವರೆ ಅಡಿ ಉದ್ದ, ತಲೆ ಟೆಂಟ್‌ನಿಂದ ಆಚೆ ವಾಲಿರಬೇಕು. ಹಗ್ಗಕ್ಕೂ ಗೂಟಕ್ಕೂ ಕಾಟಕೋನ (90 ಡಿಗ್ರಿ) ಬಂದರೆ ಸರಿ. ಬಿರುಕು ಬಿಟ್ಟ ಎರಿ ಹೊಲದಲ್ಲಿ ಎರಡಡಿಯ ಗೂಟ ಬೇಕು, ಅದೂ ಬಿರುಕಿನಿಂದ ದೂರ. ಮಸಾರಿಯ ಕೆಂಪು ಮಣ್ಣಿನಲ್ಲಿ ಒಂದೂವರೆ ಅಡಿ ಧಾರಾಳ. ಗುಡ್ಡದ ಮೇಲೆ ಮಣ್ಣು ತೆಳು, ಗೇಣಿನ ಕೆಳಗೇ ಕಲ್ಲು. ಅಲ್ಲಿ ಗೂಟದ ಜೊತೆ ಗುದ್ದಾಡದೆ ಖಾಲಿ ಗೊಬ್ಬರ ಚೀಲದಲ್ಲಿ ಕಲ್ಲು ಮಣ್ಣು ತುಂಬಿ, ಮೂಲೆಗೆ ಎರಡೆರಡು, ಉಳಿದ ಕಡೆ ಒಂದೊಂದು ಕಟ್ಟಿ. ಹತ್ತು ಚೀಲ ಮನೆಯಿಂದಲೇ ಒಯ್ಯಿರಿ.

ಹಗ್ಗದ ವಿಷಯಕ್ಕೆ ಬಂದರೆ, ಪುಂಡಿ ನಾರಿನ ಹಗ್ಗ ಇಬ್ಬನಿಗೆ ತೊಯ್ದು ಬಿಗಿಯುತ್ತದೆ, ರಾತ್ರಿ ಗೂಟ ಕೀಳುವುದು ಅದೇ. ನೈಲಾನ್ ತೊಯ್ದರೆ ಸಡಿಲಾಗುತ್ತದೆ, ತಾಡಪತ್ರಿ ಪಟಪಟ ಬಡಿದು ಮಕ್ಕಳನ್ನು ಎಬ್ಬಿಸುತ್ತದೆ. ನಾನು 8 ಎಂಎಂ ನೈಲಾನ್ ಬಳಸಿ, ಪ್ರತಿ ಎಳೆಹಗ್ಗದ ನಡುವೆ ಸೈಕಲ್ ಟ್ಯೂಬಿನ ಒಂದು ಕುಣಿಕೆ ಹಾಕುತ್ತೇನೆ. ಹಗ್ಗ ಸಡಿಲಾದಾಗ ಅದು ಎಳೆದಿಡುತ್ತದೆ, ಗಾಳಿ ಜಗ್ಗಿದಾಗ ಹಿಗ್ಗುತ್ತದೆ. ಎಳೆಹಗ್ಗಗಳಿಗೆ ಬಿಳಿ ಅರಿವೆಯ ಚಿಂದಿ ಕಟ್ಟಿ, ಕತ್ತಲಲ್ಲಿ ಎಡವುವವರು ನಿಮ್ಮವರಷ್ಟೇ ಅಲ್ಲ, ಊರ ಮಂದಿಯೆಲ್ಲ.

ಇಷ್ಟಾದರೂ ಪಡಸಾಲಿಯಲ್ಲಿ ಮಲಗಿದವರಿಗೆ ಥಂಡಿ ಬಿಡುವುದಿಲ್ಲ. ಗಾಳಿ ಬರುವುದು ಟ್ರೇಲರ್‌ನ ಅಡಿಯಿಂದ. ಹಾಸಿನ ಕೆಳಗಿನ 3 ಅಡಿ ಬಯಲನ್ನು ಯಾರೂ ಮುಚ್ಚುವುದಿಲ್ಲ. ಸೀಳಿದ ಗೋಣಿಚೀಲಗಳನ್ನು 10 ಅಡಿ ಉದ್ದ, ನಾಲ್ಕಡಿ ಎತ್ತರಕ್ಕೆ ಹೊಲಿದು ಮೂಡಣ ಪಕ್ಕದ ಚಾಸಿಗೆ ಜೋತುಬಿಟ್ಟು, ನೆಲಕ್ಕೆ ಬಿದ್ದ ಒಂದಡಿಯ ಮೇಲೆ ಕಲ್ಲು ಸಾಲಾಗಿ ಹೇರಿ. ಬಡಗಣ ತುದಿಯ ಪರದೆಗೂ ಇದೇ ಉಪಾಯ, ಅಲ್ಲಿ ಟ್ರೇಲರ್ ಹತ್ತಿರ ಮೂರಡಿ ಸಂದು ಉಳಿದಿರುತ್ತದೆ.

ಮೇಲೆ ಅಡ್ಡಕ್ಕೆ ಮಲಗಿದರೆ ಐದು ಮಂದಿ, ವಯಸ್ಸಾದವರಿಗೆ ಮಕ್ಕಳಿಗೆ ಆ ಜಾಗ. ಹಾಸು ಕಬ್ಬಿಣದ್ದು, ಅಡಿಯಿಂದ ಥಂಡಿ ಏರುತ್ತದೆ. ನಾಲ್ಕಿಂಚು ಭತ್ತದ ಹುಲ್ಲು, ಮೇಲೆ ಗೋಣಿ, ಮೇಲೆ ಜಮಖಾನೆ, ಆಮೇಲೆ ಕೌದಿ. ಕಬ್ಬಿನ ರವದಿ ಹಾಕಬೇಡಿ, ಕೌದಿಯಲ್ಲಿ ಹೊಕ್ಕ ಸುಂಕು ವಾರಗಟ್ಟಲೆ ತುರಿಸುತ್ತದೆ. ಏರಲು ಇಳಿಯಲು ಸ್ಟೂಲು ಒಯ್ಯಿರಿ, ಮೂರಡಿ ಎತ್ತರ ಅಜ್ಜಿಗೆ ಹೆಚ್ಚು. ಕೆಳಗೆ ಹಾಸುವ ಮೊದಲು ನೆಗ್ಗಿಲಮುಳ್ಳು ಗುಡಿಸಿ. ಒಲೆಗೆ ಕಲ್ಲು ಎತ್ತುವಾಗ ಕೈ ಹಾಕದೆ ಕೋಲಿನಿಂದ ಹೊರಳಿಸಿ, ಕೆಳಗೆ ಚೇಳು ಇರುತ್ತದೆ.

ಬೆಂಕಿ ಪಡಸಾಲಿಯೊಳಗೆ ಬೇಡ. ತಾಡಪತ್ರಿ ಕರಗಿ ಉರಿಯುತ್ತಲೇ ಮೈಮೇಲೆ ತೊಟ್ಟಿಕ್ಕುತ್ತದೆ, ಮೇಲೆ ಹುಲ್ಲು ಬೇರೆ ಹಾಸಿದೆ. ದೇವಿಯ ನೈವೇದ್ಯದ ಬುಟ್ಟಿಯಾದ ಪಡ್ಡಲಗಿ ತುಂಬಿಸಲು ಹೋಳಿಗೆ, ಕಡಬು, ಭಜಿ ಮಾಡುವುದಿರುತ್ತದೆ, ಒಲೆ ಉರಿಯುವುದೂ ಬಹಳ ಹೊತ್ತು. ಟೆಂಟ್‌ನಿಂದ 15 ಅಡಿ ಪಡುವಣಕ್ಕೆ ಒಲೆ ಹೂಡಿದರೆ ಹೊಗೆ, ಕಿಡಿ ಎರಡೂ ಆಚೆ ಹೋಗುತ್ತವೆ, ಮುಂದಿನ ಟೆಂಟ್ ಯಾರದೆಂದು ಮಾತ್ರ ನೋಡಿಕೊಳ್ಳಿ. ಉಳಿದ ಹೊತ್ತಿಗೆ ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಇದ್ದರೆ ಒಲೆಯೇ ಬೇಡ.

ನೀರು ತಲೆಗೆ ದಿನಕ್ಕೆ 15 ಲೀಟರ್ ಹಿಡಿಯಿರಿ. ಎಂಟು ಮಂದಿಗೆ ಎರಡು ದಿನ ಅಂದರೆ 240. ಒಂದು 200 ಲೀಟರ್ ಬ್ಯಾರಲ್, ಎರಡು 20 ಲೀಟರ್ ಕ್ಯಾನ್. ಜಳಕ ಹೇಗೂ ಜೋಗುಳಬಾವಿಯಲ್ಲಿ. ತುಂಬಿದ ಬ್ಯಾರಲ್ 200 ಕಿಲೋ ಮೀರುತ್ತದೆ. ದಾರಿಯಲ್ಲಿ ಅದು ಅಚ್ಚಿನ ಮೇಲೆ ಅಥವಾ ತುಸು ಮುಂದೆ ಇರಬೇಕು, ನಾಲ್ಕು ದಿಕ್ಕಿಗೂ ಕಟ್ಟಿರಬೇಕು. ಹಿಂದಿಟ್ಟರೆ ಏರಿನಲ್ಲಿ ಕೊಂಡಿ ಮೇಲಕ್ಕೆ ಜಗ್ಗುತ್ತದೆ.

ಬೆಳಕಿಗೆ ಔಷಧ ಹೊಡೆಯುವ ಪಂಪಿನ ಬ್ಯಾಟರಿ ಸಾಕು. ಒಳಗಿನ 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿಗೆ 5 ವ್ಯಾಟಿನ ಎಲ್‌ಇಡಿ ಹಾಕಿದರೆ ರಾತ್ರಿಯಿಡೀ ಉರಿದು ಅರ್ಧ ಚಾರ್ಜು ಉಳಿಯುತ್ತದೆ. ಬ್ಯಾಟರಿ ಮಾತ್ರ ಬಿಚ್ಚಿ ಒರೆಸಿ ತನ್ನಿ, ಔಷಧದ ಪಂಪು ಮಲಗುವ ಕಡೆ ಬರಬಾರದು.

ಬಿಚ್ಚುವುದು ಬಿಸಿಲೇರಿದ ಮೇಲೆ. ಇಬ್ಬನಿಯ ತಾಡಪತ್ರಿ ಮಡಚಿದರೆ ಸೀರೆಗೆ ಬೂಸ್ಟು ಹಿಡಿಯುತ್ತದೆ. ಮನೆಯಲ್ಲಿ ಜಂತಿಗೆ ತೂಗುಹಾಕಿ, ನೆಲದಲ್ಲಿಟ್ಟರೆ ಇಲಿ ಕಡಿಯುತ್ತದೆ. ಟ್ರೇಲರ್‌ನ ಆರು ಕೊಳವಿಗೂ ಅಂದೇ ಕಟ್ಟಿಗೆಯ ಬಿರಡೆ ಬಡಿದುಬಿಡಿ. ಇಲ್ಲವಾದರೆ ಕಬ್ಬಿನ ಸೀಜನ್ ಮುಗಿಯುವುದರೊಳಗೆ ಮಣ್ಣು ತುಂಬಿ ಗಟ್ಟಿಯಾಗುತ್ತದೆ, ಮುಂದಿನ ವರ್ಷ ಕಂಬ ಇಳಿಸಲು ಸರಳು ಹಾಕಿ ಕೆತ್ತಬೇಕಾಗುತ್ತದೆ.