ನಿಮ್ಮ ನಲ್ಲಿಗೆ ನೀರು ತರುವ ಪೈಪು ಸೀಸದ್ದೇ? ಅಮೆರಿಕದಲ್ಲಿ ಪತ್ತೆ ಮಾಡುವ ಬಗೆ

ಅಮೆರಿಕಕ್ಕೆ ಬಂದ ಮೊದಲ ವಾರವೇ ಯಾರಾದರೂ ಹೇಳುತ್ತಾರೆ: "ಇಲ್ಲಿ ನಲ್ಲಿ ನೀರನ್ನೇ ಕುಡೀಬಹುದು ರೀ, ಕಾಯಿಸೋದೇನೂ ಬೇಡ." ಮುಕ್ಕಾಲು ಪಾಲು ಸರಿಯಾದ ಮಾತೇ. ಶುದ್ಧೀಕರಣ ಘಟಕದಿಂದ ಹೊರಡುವಾಗ ನೀರು ಚೆನ್ನಾಗಿರುತ್ತದೆ. ತಕರಾರಿರುವುದು ಕೊನೆಯ ಕೆಲವೇ ಅಡಿಗಳಲ್ಲಿ, ರಸ್ತೆಯಡಿಯ ದೊಡ್ಡ ಕೊಳವೆಯಿಂದ ನಿಮ್ಮ ಮೀಟರಿನವರೆಗೆ ಬರುವ ಸಣ್ಣ ಪೈಪಿನಲ್ಲಿ. ಇದಕ್ಕೆ ಇಲ್ಲಿ ಸರ್ವಿಸ್ ಲೈನ್ ಎನ್ನುತ್ತಾರೆ. ಹಳೆಯ ಊರುಗಳಲ್ಲಿ ಇದು ಸೀಸದ್ದಾಗಿರಬಹುದು.

ಚಿಕ್ಕಂದಿನಲ್ಲಿ ನಾವು ಕಚ್ಚುತ್ತಿದ್ದ ಸೀಸದಕಡ್ಡಿಯಲ್ಲಿ ಇದ್ದದ್ದು ಬರೀ ಗ್ರಾಫೈಟು. ಈ ಪೈಪಿನಲ್ಲಿರುವುದು ಅಸಲಿ ಸೀಸ. ನೀರಿಗೆ ಇಳಿದರೆ ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗುವುದಿಲ್ಲ. ಬಸುರಿಯರಿಗೆ, ಪುಡಿಹಾಲು ಕುಡಿಯುವ ಕೂಸುಗಳಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ಇದರ ಅಪಾಯ ಹೆಚ್ಚು.

ಮೊದಲು ಮನೆ ಕಟ್ಟಿದ ವರ್ಷ ನೋಡಿ. ಹೊಸದಾಗಿ ಸೀಸದ ಪೈಪು ಹಾಕುವುದನ್ನು ಇಡೀ ದೇಶದಲ್ಲಿ ನಿಷೇಧಿಸಿದ್ದು 1986ರಲ್ಲಿ. ಶಿಕಾಗೋದ ಕಥೆ ಇನ್ನೂ ವಿಚಿತ್ರ. ಸಣ್ಣ ಮನೆಗಳಿಗೆ ಸೀಸದ ಪೈಪನ್ನೇ ಹಾಕಬೇಕೆಂದು ಆ ನಗರದ ಕಟ್ಟಡ ನಿಯಮವೇ ಹೇಳುತ್ತಿತ್ತು, ಅದೂ ನಿಷೇಧ ಬರುವವರೆಗೂ! ಸುಮಾರು 4 ಲಕ್ಷ ಸೀಸದ ಪೈಪುಗಳು ಇವತ್ತಿಗೂ ಅಲ್ಲಿ ನೆಲದಡಿ ಇವೆ. ದೇಶದ ಬೇರಾವ ಊರಿನಲ್ಲೂ ಇಷ್ಟಿಲ್ಲ. ಡೆವನ್ ರಸ್ತೆಗೆ ದಿನಸಿ ತರಲು ಹೋಗುತ್ತೀರಲ್ಲ, ಆ ಸುತ್ತಿನ ಹಳೆಯ ಇಟ್ಟಿಗೆ ಮನೆಗಳಲ್ಲಿ ಬಾಡಿಗೆಗಿದ್ದರೆ ಪೈಪು ಸೀಸದ್ದೆಂದೇ ಇಟ್ಟುಕೊಂಡು ವಿಚಾರಿಸಿ. ಅದೇ ಹೊರವಲಯದ ನೇಪರ್‌ವಿಲ್ ಕಡೆ 1990ರ ನಂತರ ಎದ್ದ ಬಡಾವಣೆಯಾದರೆ ಈ ಚಿಂತೆ ಬಹುಮಟ್ಟಿಗೆ ಇಲ್ಲ. ನೂರಾರು ಮನೆಗಳ ದೊಡ್ಡ ಅಪಾರ್ಟ್‌ಮೆಂಟಿಗೂ ಸೀಸದ ಸರ್ವಿಸ್ ಲೈನ್ ಇರುವುದು ಅಪರೂಪ, ಅಷ್ಟು ದಪ್ಪನೆಯ ಪೈಪನ್ನು ಸಾಮಾನ್ಯವಾಗಿ ಸೀಸದಲ್ಲಿ ಮಾಡುತ್ತಿರಲಿಲ್ಲ. ಆದರೆ ಹಳೆಯ ಹಿತ್ತಾಳೆ ನಲ್ಲಿ, ತಾಮ್ರದ ಪೈಪಿನ ಹಳೆಯ ಬೆಸುಗೆ ಇವುಗಳಿಂದಲೂ ಸೀಸ ಬರಬಹುದು.

ಇನ್ನು ಸರ್ಕಾರಿ ಪಟ್ಟಿ. ಊರೂರಿನ ನೀರು ಸರಬರಾಜು ಸಂಸ್ಥೆಗಳು ತಮ್ಮ ಸರ್ವಿಸ್ ಲೈನ್‌ಗಳು ಯಾವ ಲೋಹದವು ಎಂಬ ಪಟ್ಟಿಯನ್ನು 2024ರ ಅಕ್ಟೋಬರ್ 16ರೊಳಗೆ ರಾಜ್ಯಕ್ಕೆ ಕೊಡಬೇಕಿತ್ತು. 50,000ಕ್ಕಿಂತ ಹೆಚ್ಚು ಜನರಿಗೆ ನೀರು ಕೊಡುವ ಸಂಸ್ಥೆ ಅದನ್ನು ಆನ್‌ಲೈನ್‌ನಲ್ಲೂ ಇಡಬೇಕು. ನೀರಿನ ಬಿಲ್ಲಿನ ಮೇಲೆ ಸಂಸ್ಥೆಯ ಹೆಸರಿರುತ್ತದೆ, ಅವರ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಹುಡುಕಿ. ಸಿಗುವ ಉತ್ತರ ನಾಲ್ಕರಲ್ಲಿ ಒಂದು: ಸೀಸ, ಸೀಸವಲ್ಲ, ಬದಲಿಸಬೇಕಾದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು, ಗೊತ್ತಿಲ್ಲ. ಜಿ.ಐ. ಏಕೆ ಈ ಪಟ್ಟಿಗೆ ಬಂತೆಂದರೆ, ಹಿಂದೆ ಎಲ್ಲೋ ಇದ್ದ ಸೀಸದ ಪೈಪಿನಿಂದ ಬಂದ ಕಣಗಳು ಅದರ ಒಳಗಿನ ತುಕ್ಕಿನಲ್ಲಿ ಕೂತು, ವರ್ಷಗಟ್ಟಲೆ ಆದಮೇಲೂ ನೀರಿಗೆ ಬರುತ್ತವೆ. "ಗೊತ್ತಿಲ್ಲ" ಎಂಬ ಉತ್ತರ ನೋಡಿ ಎಷ್ಟೋ ಜನ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಹಾಗೆ ಮಾಡಬೇಡಿ, ಸೀಸವಲ್ಲ ಎಂದು ಕಣ್ಣಾರೆ ಕಾಣುವವರೆಗೆ ಅದು ಸೀಸವೇ.

ಸೀಸ, ಜಿ.ಐ., ಗೊತ್ತಿಲ್ಲ, ಈ ಮೂರರಲ್ಲಿ ಯಾವುದಿದ್ದರೂ ಮನೆಗೆ ಕಾಗದವೂ ಬರಬೇಕು. ನಮ್ಮ ಮನೆಗೆ ಬಂದದ್ದನ್ನು ಪಿಜ್ಜಾ ಕೂಪನ್ನುಗಳ ಜೊತೆ ರೀಸೈಕಲ್ ಡಬ್ಬಕ್ಕೆ ಹಾಕಿ, ಮಾರನೆಯ ದಿನ ಹೆಕ್ಕಿ ತೆಗೆದದ್ದಾಯಿತು. ಬಾಡಿಗೆ ಮನೆಯಾದರೆ ಅದು ಓನರ್ ಕೈ ಸೇರಿ ಅಲ್ಲೇ ಉಳಿದಿರಬಹುದು, ಇಮೇಲ್ ಮಾಡಿ ಕೇಳಿ. ಅಗ್ರಿಮೆಂಟ್ ಜೊತೆ ಸೀಸದ ಬಗ್ಗೆ ಒಂದು ಹಾಳೆಗೆ ಸಹಿ ಹಾಕಿದ್ದೇವಲ್ಲ ಎನ್ನಬೇಡಿ. ಅದು 1978ಕ್ಕಿಂತ ಹಿಂದಿನ ಮನೆಗಳ ಗೋಡೆಯ ಪೇಂಟಿನ ವಿಷಯ. ನೀರಿನ ಪೈಪಿಗೂ ಅದಕ್ಕೂ ಸಂಬಂಧವಿಲ್ಲ.

ಕಣ್ಣಾರೆ ನೋಡುವುದು ಕಷ್ಟವೇನಲ್ಲ. ಬೇಸ್‌ಮೆಂಟಿಗೆ ಇಳಿದು, ಗೋಡೆ ಅಥವಾ ನೆಲದಿಂದ ಪೈಪು ಒಳಬಂದು ಮೀಟರ್ ಸೇರುವ ಜಾಗ ಹುಡುಕಿ. ಒಂದು ಫ್ರಿಜ್ ಮ್ಯಾಗ್ನೆಟ್ಟೂ ಒಂದು ನಾಣ್ಯವೂ ಸಾಕು. ಮ್ಯಾಗ್ನೆಟ್ ಅಂಟಿಕೊಂಡರೆ ಅದು ಜಿ.ಐ. ಅಂಟದೆ, ನಾಣ್ಯದ ಅಂಚಿನಿಂದ ಮೆಲ್ಲಗೆ ಕೆರೆದಾಗ ಮಂಕು ಬೂದು ಬಣ್ಣದ ಕೆಳಗೆ ಬೆಳ್ಳಿಯಂತೆ ಹೊಳೆದರೆ ಸೀಸ. ಹಳೆಯ ಒಂದು ಸೆಂಟಿನ ನಾಣ್ಯದ ಬಣ್ಣ ಕಂಡರೆ ತಾಮ್ರ. ಸೀಸದ ಪೈಪಿಗೆ ವಾಲ್ವಿನ ಹತ್ತಿರ ಈರುಳ್ಳಿ ಗಡ್ಡೆಯಂಥ ಉಬ್ಬೂ ಇರುತ್ತದೆ. ಚಾಕು, ಉಪ್ಪುಕಾಗದ ಬೇಡ. ಕೆರೆದ ಮೇಲೆ ಕೈ ತೊಳೆಯಿರಿ. ನೆನಪಿರಲಿ, ನೀವು ನೋಡಿದ್ದು ಮನೆಯೊಳಗಿನ ತುದಿ ಮಾತ್ರ. ರಸ್ತೆ ಕಡೆಯ ತುಂಡು ಬೇರೆ ಲೋಹದ್ದಿರಬಹುದು. ಎಷ್ಟೋ ಊರುಗಳಲ್ಲಿ ಆ ತುಂಡು ನಗರದ್ದು, ಈ ತುಂಡು ಮನೆಮಾಲೀಕರದ್ದು. ಅರ್ಧ ಮಾತ್ರ ಬದಲಿಸಿದರೆ ಕೆಲವು ಕಾಲ ಸೀಸ ಹೆಚ್ಚೇ ಬರುವುದರಿಂದ, ಬದಲಿಸಿದರೆ ಪೂರ್ತಿ ಬದಲಿಸಬೇಕು.

ನೀರಿನ ಪರೀಕ್ಷೆಯೂ ಇದೆ. ಶಿಕಾಗೋದಲ್ಲಿ ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿದರೆ ಕಿಟ್ ಉಚಿತ. ರಾತ್ರಿ ಕನಿಷ್ಠ ಆರು ಗಂಟೆ ಮನೆಯಲ್ಲಿ ಯಾರೂ ನೀರು ಮುಟ್ಟದೆ, ಫ್ಲಶ್ ಕೂಡ ಮಾಡದೆ, ಬೆಳಗಿನ ಮೊದಲ ನೀರನ್ನೇ ಹಿಡಿಯಬೇಕು. ವರದಿಯಲ್ಲಿ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕಡಿಮೆ ಎಂದು ಬಂದರೆ ಹಿಗ್ಗಬೇಡಿ. 1991ರ ನಿಯಮದ ಆ ಅಂಕಿ ಇಡೀ ಊರಿನ ವ್ಯವಸ್ಥೆಯನ್ನು ಅಳೆಯುವ ಕೋಲು, ನಿಮ್ಮ ಲೋಟಕ್ಕೆ ಕೊಟ್ಟ ಸರ್ಟಿಫಿಕೇಟಲ್ಲ. 2024ರ ಹೊಸ ನಿಯಮ ಅದನ್ನು 10ಕ್ಕೆ ಇಳಿಸಿದೆ. ಆರೋಗ್ಯದ ಗುರಿಯಂತೂ ಸೊನ್ನೆ.

ಪೈಪು ಬದಲಾಗುವವರೆಗೆ ಏನು ಮಾಡುವುದು? ನಮ್ಮವರಿಗೆ ಮೊದಲು ಹೊಳೆಯುವುದು ಕಾಯಿಸಿ ಆರಿಸುವುದು. ಇಲ್ಲಿ ಅದು ತಿರುಗುಬಾಣ: ನೀರು ಆವಿಯಾಗುತ್ತದೆ, ಸೀಸ ಪಾತ್ರೆಯಲ್ಲೇ ಉಳಿದು, ಮಿಕ್ಕ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಬೇಗ ಆಗಲೆಂದು ಬಿಸಿನೀರಿನ ನಲ್ಲಿಯಿಂದ ಅನ್ನಕ್ಕೋ ಕಾಫಿಗೋ ನೀರು ಹಿಡಿಯುವುದೂ ತಪ್ಪು, ಬಿಸಿನೀರಿಗೆ ಸೀಸ ಹೆಚ್ಚು ಕರಗುತ್ತದೆ. ತಣ್ಣೀರನ್ನೇ ಹಿಡಿಯಿರಿ, ಅದೂ ಬೆಳಿಗ್ಗೆ ಸ್ನಾನವೋ ಬಟ್ಟೆ ಒಗೆಯುವುದೋ ಆಗಿ ಪೈಪಿನ ನೀರು ಹರಿದುಹೋದ ಮೇಲೆ. ಫಿಲ್ಟರ್ ಕೊಳ್ಳುವಾಗ ಡಬ್ಬದ ಮೇಲೆ ಎನ್‌ಎಸ್‌ಎಫ್ 53 ಎಂಬ ಗುಣಮಟ್ಟದ ಗುರುತೂ, ಸೀಸ ತೆಗೆಯುತ್ತದೆಂಬ ಮಾತೂ ಎರಡೂ ಇರಬೇಕು. ಬರೀ 42 ಎಂದಿರುವ ಅಗ್ಗದ ಜಗ್ಗುಗಳು ಹೆಚ್ಚಾಗಿ ಕ್ಲೋರಿನ್ ರುಚಿ ತೆಗೆಯಲಷ್ಟೇ. ಆರ್‌ಓ ಆದರೆ 58.

ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆಯನ್ನು ಮಕ್ಕಳ ಡಾಕ್ಟರ ಹತ್ತಿರ ಕೇಳಿ ಮಾಡಿಸಬಹುದು. ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ತಲುಪಿದರೆ ಮೂಲ ಹುಡುಕಲು ಶುರುಮಾಡುತ್ತಾರೆ. ನೀರು ಸರಿಯಿದ್ದೂ ಅಂಕಿ ಏರಿದ್ದರೆ ಊರಿಂದ ಸೂಟ್‌ಕೇಸಿನಲ್ಲಿ ಬಂದ ಸಾಮಾನಿನ ಕಡೆ ನೋಡಿ: ಬಿಡಿಯಾಗಿ ಕೊಂಡ ಅರಿಶಿನಪುಡಿ, ಕಾಡಿಗೆ, ಹಳೆಯ ಹಿತ್ತಾಳೆ ಪಾತ್ರೆ, ಅಲ್ಯೂಮಿನಿಯಂ ಕುಕ್ಕರ್. ಡಾಕ್ಟರು ಕೇಳದಿದ್ದರೂ ಇವುಗಳ ಹೆಸರನ್ನು ನೀವೇ ಹೇಳಿ.